ಕಂಬಕ್ಕೇ ಬಡೀತು

ಕರೆಂಟು ಹೋದದ್ದೇ ತಡ
ಇಪ್ಪತ್ತೆರಡು ಮಷೀನು ಒಟ್ಟಿಗೇ ಉಸಿರು ಬಿಡುತ್ತವೆ.
ಕೌಲ್ ಬಜಾರಿನ ಈ ತಗಡಿನ ಶೆಡ್ಡಿನಲ್ಲಿ
ಅರೆ ಹೊಲಿದ ಜೀನ್ಸುಗಳು ಒಂಟಿ ಕಾಲಲ್ಲಿ ನಿಂತುಬಿಡುತ್ತವೆ.
ಯಾರೋ ಬೀಡಿ ಹಚ್ಚುತ್ತಾರೆ.
ಯಾರೋ, 'ತೊಂಬತ್ತೆಂಟರಾಗ...' ಅನ್ನುತ್ತಾರೆ.
ಅಷ್ಟು ಸಾಕು.

ತೊಂಬತ್ತೆಂಟು ಎರ್ರಿಸ್ವಾಮಿಯದು,
ಪಹಣಿಯಲ್ಲಿ ಅವನ ಹೆಸರೇ ಇದ್ದಂತೆ.
ಬೇರೆಯವರು ಬಾಯಿ ಹಾಕುವಂತಿಲ್ಲ.
ಗುಂತಕಲ್ಲಿನಲ್ಲಿ ಸೆಮಿಫೈನಲ್,
ಎರಡು ಗೋಲು ಮುಂದಿದ್ದೆವು.
(ಇದ್ದೆವು ಅನ್ನುತ್ತೇನೆ ನೋಡಿ,
ಆಗ ನಾನಿನ್ನೂ ತೊಟ್ಟಿಲಲ್ಲಿ.)
ಆಮೇಲೆ ಗಾಳಿ ತಿರುಗಿತು,
ಗೋಲಿಯ ಕಣ್ಣಿಗೆ ಮಣ್ಣು,
ಒಂದು, ಎರಡು, ಸೀಟಿ ಊದುವ ಮುಂಚೆ ಮೂರು.
ತಿರುಗಿ ಬರುವಾಗ ಟಿಕೆಟ್ಟಿಗೆ ದುಡ್ಡಿಲ್ಲ,
ಅದಿರಿನ ಗೂಡ್ಸ್ ಹತ್ತಿ ಬಂದರಂತೆ.
ಇಳಿದಾಗ ಎಲ್ಲರ ಮುಖವೂ ಒಂದೇ ಕೆಂಪು.
'ಯಾರೂ ಅಳಲಿಲ್ಲ' ಅನ್ನುತ್ತಾನೆ ಎರ್ರಿಸ್ವಾಮಿ,
ಅಂದು, ಎರಡು ಬೆರಳಿಂದ
ಕೆನ್ನೆಯ ಮೇಲೆ ಎರಡು ಗೆರೆ ಎಳೆದು ತೋರಿಸುತ್ತಾನೆ.

ಎರಡು ಸಾವಿರದ ಏಳು ಖಾಜಾಮೈನುವಿನದು.
ಆದೋನಿ. ರಂಜಾನ್ ತಿಂಗಳು.
ಆರು ಜನ ರೋಜಾ ಹಿಡಿದೇ ಓಡಿದವರು.
ಆಟ ಎಳೆದು ಎಳೆದು ಹೊತ್ತು ಮುಳುಗಿತು,
ಬಾಂಗು ಕೇಳಿತು,
ಗೆರೆಯಾಚೆಯಿಂದ ಒಬ್ಬ ಹುಡುಗ ಖರ್ಜೂರ ಎಸೆದ.
'ಬೀಜ ಉಗುಳೂದ್ರಾಗ ಗೋಲು, ಅಣ್ಣಾ!
ಬೀಜ ಉಗುಳೂದ್ರಾಗ!'
ಆ ಬೀಜ ಮನೆಯಲ್ಲಿ ಇದೆಯಂತೆ,
ಹೆಂಡತಿ ಎರಡು ಸಲ ಕಸಕ್ಕೆ ಹಾಕಿದ್ದಾಳೆ,
ಎರಡು ಸಲವೂ ಹುಡುಕಿ ತಂದಿದ್ದಾನೆ.

ಹನ್ನೊಂದಕ್ಕೆ ಬರುವ ಹೊತ್ತಿಗೆ
ದನಿ ಇಳಿಯುತ್ತದೆ.
ಮೂಲೆಯಲ್ಲಿ ಪಂಪಣ್ಣ ಇಸ್ತ್ರಿ ಮಾಡುತ್ತಿರುತ್ತಾನೆ.
ಅವನದು ಇದ್ದಿಲಿನ ಪೆಟ್ಟಿಗೆ,
ಕರೆಂಟಿನ ಹಂಗಿಲ್ಲ ಅದಕ್ಕೆ.

ನಮ್ಮದೇ ಮೈದಾನ. ಫೈನಲ್.
ಕೊನೆಯ ಪೆನಾಲ್ಟಿ. ಪಂಪಣ್ಣನ ಬಲಗಾಲು.
ಮೇಲಿನ ಕಂಬಕ್ಕೆ ಬಡಿಯಿತು ಅನ್ನುತ್ತಾರೆ,
ಠಣ್ ಅಂದದ್ದು ಕೋಟೆ ಗುಡ್ಡಕ್ಕೆ ತಾಗಿ
ತಿರುಗಿ ಬಂತು ಅನ್ನುತ್ತಾರೆ.
ವರ್ಷ ವರ್ಷಕ್ಕೂ ಆ ಚೆಂಡು
ಒಂದೊಂದು ನೂಲು ಕೆಳಗಿಳಿಯುತ್ತಿದೆ.
ಹೋದ ವರ್ಷ ಖಾಜಾಮೈನು
ಕಂಬವೇ ಸೊಟ್ಟ ಇತ್ತೆಂದ,
ಹುಗಿದವನ ಹೆಸರನ್ನೂ ಹೇಳಿದ.
ಇನ್ನೆರಡು ವರ್ಷ ತಡೆದರೆ
ಗೆದ್ದೇಬಿಡುತ್ತೇವೆ.

ನಿನ್ನೆ ಪಂಪಣ್ಣ ತಲೆ ಎತ್ತದೆ ಅಂದ:
'ಕಂಬಕ್ಕ ಬಡೀಲಿಲ್ಲ.
ಮ್ಯಾಲೆ ಹೋತು. ಎರಡಾಳು ಎತ್ತರ.
ಗ್ವಾಡಿ ದಾಟಿ ಮಿರ್ಚಿ ಬಂಡಿ ತಳಕ್ಕ ಬಿತ್ತು.
ನಾನೇ ಹೋಗಿ ತಂದೆ.'

ಇದ್ದಿಲು ಚಟ್ ಅಂದಿತು.
ಯಾರದೋ ಬೀಡಿ ಆರಿತು.
ಎಷ್ಟು ಹೊತ್ತೋ.
ಆಮೇಲೆ ಎರ್ರಿಸ್ವಾಮಿ, ಬಯ್ಯುವವನ ಹಾಗೆ:
'ಸುಮ್ಕಿರಲೇ. ಒದ್ದವಗೇನು ಗೊತ್ತಾಕ್ಕೈತಿ?
ನೋಡಿದವರು ನಾವು. ಕಂಬಕ್ಕೇ ಬಡೀತು.'
'ಕಂಬಕ್ಕೇ' ಅಂದ ಖಾಜಾಮೈನು.
'ಕಂಬಕ್ಕೇ' ಅಂದ, ಆ ವರ್ಷ ಊರಲ್ಲೇ ಇರದ
ಕಟಿಂಗ್ ಮಾಸ್ತರ.

ನನಗಾಗ ಹದಿಮೂರು.
ಅದೇ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೆ.
ನನ್ನ ನೆತ್ತಿಯ ಮೇಲೇ ಹೋಯಿತು ಚೆಂಡು,
ಅದರ ಹರಿದ ಹೊಲಿಗೆ ಕೂಡ ಕಂಡಿತ್ತು.

ಎಲ್ಲರೂ ನನ್ನತ್ತ ನೋಡಿದರು.
'ಠಣ್ ಅಂತು' ಅಂದೆ. 'ನಾ ಕೇಳೀನಿ.'

ಕರೆಂಟು ಬಂತು.
ಪಂಪಣ್ಣ ಪೆಟ್ಟಿಗೆ ಎತ್ತಿದ, ತಡವಾಗಿ.
ಕೆಳಗಿದ್ದ ಪ್ಯಾಂಟಿನ ತೊಡೆಯ ಒಳಬದಿಗೆ
ಕಂದು ಬಣ್ಣದ ಒಂದು ಕಲೆ.
ಈ ಶೆಡ್ಡಿನಲ್ಲಿ ದಾರ ಕತ್ತರಿಸಿ
ತಪ್ಪು ಹುಡುಕುವವಳು ನಾನು,
ಪೀಸಿಗೆ ಇಷ್ಟು ಅಂತ ಸಂಬಳ.
ತಿರುವಿ ನೋಡಿದೆ.
ಮಡಚಿದೆ.
ಪಾಸಾದ ರಾಶಿಗೆ ಹಾಕಿದೆ.