ಮೊದಲ ಹೆಜ್ಜಿ ಹಿಂದಕ

ಬೆಟಗೇರಿಯ ನಮ್ಮ ಸಾಲಿ ಬಯಲಿಗೆ
ಮೂರು ಕಡೆ ಗ್ವಾಡಿ, ನಾಕನೇ ಕಡೆ ಎಮ್ಮಿ.
ಆ ಎಮ್ಮಿ ಕಡೆ ನಿಂದ್ರಸಿದ್ದೆ ನಿನ್ನ, ಅರ್ಷಿಯಾ.
ರೈಟ್ ಫೀಲ್ಡ್ ಅಂತ ಅದರ ಹೆಸರು.
ಖರೇ ಹೇಳ್ತೀನಿ,
ಅಲ್ಲಿ ಚೆಂಡು ಬರೂದಿಲ್ಲಂತ ನಿಂದ್ರಸಿದ್ದೆ.

ನಾನರೆ ಏನು, ಖೋಖೋದಾಕಿ.
ಕಂಬ ಹಿಡದು ತಿರುಗೂದು ಗೊತ್ತು,
ಮುಗಿಲು ನೋಡಿ ಓಡೂದು ಗೊತ್ತಿಲ್ಲ.
ಜಿಲ್ಲಾ ಆಫೀಸಿನಿಂದ ಕಾಗದ ಬಂತು, ಒಂಬತ್ತು ಗ್ಲೋವು ಬಂದವು,
ಅದರಾಗ ಎರಡು ಇಲಿ ಕಡದದ್ದು.
ರಾತ್ರಿ ನಿಯಮದ ಪುಸ್ತಕ ಓದಿ
ಮುಂಜಾನೆ ನಿಮಗ ಕಲಸ್ತಿದ್ದೆ,
ಒಂದ ಪುಟ ಮುಂದ ಇದ್ಕೊಂಡು.

ಚೆಂಡು ಎದ್ದ ಕೂಡಲೆ ನೀ ಮುಂದಕ ಓಡ್ತಿದ್ದಿ.
ಅದು ನಿನ್ನ ತಲಿ ಮ್ಯಾಲಿಂದ ಹಾದು
ಎಮ್ಮಿ ಪಕ್ಕಡಿಗೆ ಬಡೀತಿತ್ತು.
ಹುಡುಗ್ಯಾರು ನಗ್ತಿದ್ರು.
ಎಮ್ಮಿ ಹಂಗ ಮೆಲುಕಾಡ್ತಿತ್ತು.

"ಮೊದಲ ಹೆಜ್ಜಿ ಹಿಂದಕ," ಅಂದೆ. ಸಾವಿರ ಸಲ ಅಂದೆ.
ಹಿಂದಿಂದ ಮುಂದ ಬರೂದು ಹಗರ,
ಮುಂದ ಓಡಿ ಹಿಂದ ತಿರುಗೂದು ಎಷ್ಟು ತ್ರಾಸ
ನನ್ನ ವಯಸ್ಸಿನಾಕೀನ ಕೇಳು.
ಗೋಣು ಹಾಕ್ತಿದ್ದಿ.
ಚೆಂಡು ಎದ್ದರ ಮತ್ತ ಮುಂದ.

ಬೂಟಿನ ಅಳತಿ ಕೇಳಾಕ ಒಂದಿನ ನಿಮ್ಮನಿಗೆ ಬಂದೆ.
ನಿಮ್ಮಪ್ಪ ಪಡಸಾಲ್ಯಾಗ ಹತ್ತಿ ಹಿಂಜತಿದ್ದ,
ಬಿಲ್ಲಿನ ನಾರಿ ಝುಂಯ್ ಝುಂಯ್,
ಮನಿ ತುಂಬ ಬಿಳೇ ಧೂಳು.
ನೀ ಒಳಗ ರೊಟ್ಟಿ ಬಡೀತಿದ್ದಿ, ಬೆನ್ನು ಈ ಕಡೆ.
"ಅಪ್ಪಾ, ಅದು ಹಳೇ ಗಾದಿದು, ನೀರು ಕುಡದೈತಿ," ಅಂದಿ,
ತಿರುಗಿ ನೋಡದ, ಬರೇ ದನಿ ಕೇಳಿ.
ನಾ ಹೊಸ್ತಿಲದಾಗ ಕುಂತುಬಿಟ್ಟೆ.
ಬೂಟಿನ ಅಳತಿ ಮರತ ಬಂದೆ.

ಮರುದಿನ ಬಯಲಾಗ ಬೆನ್ನು ತಿರುವಿ ನಿಂದ್ರು ಅಂದೆ.
ನೋಡಬ್ಯಾಡ. ಬ್ಯಾಟು ಹೆಂಗ ಒದರತೈತಿ ಕೇಳು.
ಠಣ್ ಅಂದರ ತುಂಬಿದ ದನಿ, ಹಿಂದಕ.
ಟಪ್ ಅಂದರ ಒಳಗ ಸತ್ತ ದನಿ, ಮುಂದಕ.
ಚಟ್ ಅಂದರ ಅಂಚಿಗೆ ಹತ್ತೇತಿ, ಎತ್ತಾಗರೆ ಹೊರಳತೈತಿ, ಕಾಯಿ.
ವಾರ ತುಂಬೂದರಾಗ ನೀನ ನನಗ ಹೇಳಾಕತ್ತಿದಿ:
"ಮೇಡಂ, ಇದು ಠಣ್ ಅಲ್ಲ, ಠಣ್ಣಿನ ತಂಗಿ."

ಹಾರಿ ಬೀಳೂದು ಕಲೀಲಿ ಅಂತ ನಿಮ್ಮಪ್ಪ ಗಾದಿ ಕೊಟ್ಟ,
ಮದುವಿ ಮುರದು ಗಿರಾಕಿ ಒಯ್ಯದ ಉಳದದ್ದು,
ಕೆಂಪು ಹೂವಿನ ಗವುಸಣಿಗಿ.
ಅದರ ಮ್ಯಾಲ ಮೊಣಕೈ, ಗದ್ದ, ಎರಡು ಜಡಿ ಸಮೇತ ಬಿದ್ದಿ.
ಗ್ಲೋವಿನೊಳಗ ಕೈ ಹೆಂಗಿರಬೇಕು,
ಪುಸ್ತಕದಾಗ ಇದ್ದದ್ದು ನನಗ ಹೇಳಾಕ ಬರಲಿಲ್ಲ.
ನೀ ಅಂದಿ: "ಹಿಂಜಿದ ಅರಳಿ ಹಿಡಿದಂಗ.
ಹಿಡೀಬೇಕು, ಹಿಚಕಬಾರದು."

ಆಷಾಢದ ಗಾಳಿ ಬ್ಯಾರೇನ ಮಾಸ್ತರ.
ಕಪ್ಪತಗುಡ್ಡದ ಕಡಿಂದ ಬರತೈತಿ,
ಚೆಂಡಿನ ಕಿವಿ ಹಿಂಡತೈತಿ.
ನಾ ಬೆರಳು ತೊಯಿಸಿ ಗಾಳಿಗೆ ಹಿಡೀತಿದ್ದೆ.
ನೀ ಕಿಸೇದಾಗಿಂದ ಒಂದೆಳಿ ಅರಳಿ ತಗದು
ಮೆಲ್ಲಕ ಬಿಟ್ಟು
ಎರಡು ಹೆಜ್ಜಿ ಎಡಕ್ಕ ಸರೀತಿದ್ದಿ.

ಮುಂಡರಗಿಯೊಳಗ ಆಟ. ಕಡೇ ಸರದಿ.
ಚೆಂಡು ನಿನ್ನ ಕಡೆ ಬರಲಿಲ್ಲ.
ನಟ್ಟನಡುವಿನ ಈರಮ್ಮ ಬಾರಕೇರಳ ಕಡೆ ಹೋತು,
ಆಕಿ ಬಗ್ಗಿದಳು, ಅದು ಕಾಲಸಂದ್ಯಾಗ ನುಸುಳಿತು.
ಅಯ್ಯಯ್ಯ ಅಂತ ಎಲ್ಲಾರೂ ಎದ್ದು ನಿಂತರು.
ನೋಡಿದರ ಆಕಿ ಹಿಂದ ನೀನು,
ಯಾವಾಗ ಬಂದಿ?
ನಿನ್ನದಲ್ಲದ ಚೆಂಡಿಗೆ ಠಣ್ ಅಂದಾಗ ಓಡಿದಾಕಿ
ಮೊಣಕಾಲೂರಿ ತಡದಿ, ಎದ್ದಿ, ಒಗದಿ.
ಓಡಾಕಿ ಎರಡನೇ ಬೇಸಿನಾಗ ನಿಂತಳು.

ಆಮ್ಯಾಲ ಇನ್ನೊಬ್ಬಾಕಿ ಬಂದು ಹೊಡದು ಗೆದ್ದರು.
ಸೋತ್ವಿ, ಏನು ಮಾಡೂದು.
ಸ್ಕೋರ್ ಪುಸ್ತಕದಾಗ ನಿನ್ನ ಓಟಕ್ಕ ಕಾಲಮ್ಮಿಲ್ಲ.
ಪೆನ್ಸಿಲ್‌ಲೆ ಅಂಚಿನಾಗ ನಾನ ಬರದೆ:
ಅರ್ಷಿಯಾ ನದಾಫ ಅಲ್ಲಿದ್ದಳು.

ಬರೂವಾಗ ಬಸ್ಸು ಡಂಬಳ ದಾಟಿತ್ತು.
ನೀ ಕಿಟಕಿಗೆ ತಲಿ ಹಚ್ಚಿ ಮಲಗಿದ್ದಿ,
ಕೂದಲಾಗ ಒಂದು ಅರಳಿ ಚೂರು.
ಕೆಳಗ ಏನೋ ಗರ್ ಅಂತು.
ಕಣ್ಣು ತಗೀಲಿಲ್ಲ ನೀನು.
"ಮೇಡಂ," ಅಂದಿ, "ಎಡಗಡೆ, ಹಿಂದಿನ ಗಾಲಿ."
ಡ್ರೈವರ ಇಳದು ನೋಡಿದ.