ಟೋಪಿ

ಭಾಂಡುಪಿನಲ್ಲಿ, ಹಿಟ್ಟಿನ ಗಿರಣಿಯ ಮೇಲೆ,
ಪರಬ್ ಕಾಕುವಿನ ಪಾಳಣಾಘರ.
ಒಂದು ಕೋಣೆ, ಏಳು ಮಕ್ಕಳು,
ಬಾಗಿಲ ಮೊಳೆಗೆ ನೇತುಹಾಕಿದ ಇನ್ನೂರು ಪುಟದ ವಹಿ.
ಗಿರಣಿ ತಿರುಗಿದರೆ ನೆಲ ಸಣ್ಣಗೆ ನಡುಗುತ್ತದೆ;
ಅದಕ್ಕೇ ಇಲ್ಲಿ ಬೇಗ ಮಲಗುತ್ತವೆ ಎನ್ನುತ್ತಾಳೆ ಕಾಕು.

ಬೆಳಿಗ್ಗೆ ನಾನು ಬರೆಯುತ್ತೇನೆ, ಸಂಜೆ ಅವಳು.
ಮರಾಠಿ ಅಕ್ಷರಕ್ಕೆ ತಲೆಗೆರೆ ಎಳೆಯಲು ಮರೆಯುತ್ತೇನೆ:
"ರಾತ್ರಿ ಎರಡು ಸಲ ಎದ್ದಳು. ಹಲ್ಲಿರಬೇಕು."
ಅವಳದು: "ಖಿಚಡಿ ಅರ್ಧ. ನಿದ್ದೆ ಒಂದು ತಾಸು. ನಕ್ಕಳು."
ಯಾಕೆ ನಕ್ಕಳೋ ಬರೆದಿರುವುದಿಲ್ಲ.

ಆ ಗುರುವಾರ ಮಾತ್ರ ಸಾಲು ಜಾಸ್ತಿ:
"ಮೇದಿನಿ ಬಿದ್ದಳು. ಬಚ್ಚಲ ಹೊಸ್ತಿಲು. ಮೊಣಕೈ ತರಚಿದೆ.
ನನ್ನ ಕಣ್ಣು ಎರಡು ನಿಮಿಷ ಗ್ಯಾಸಿನ ಮೇಲಿತ್ತು.
ತಪ್ಪು ನನ್ನದು."

ಮಾತಾಡದೆ ಮಗುವನ್ನೆತ್ತಿ ಇಳಿದುಬಂದೆ.
ಮೆಟ್ಟಿಲ ತುಂಬ ಹಿಟ್ಟು, ಚಪ್ಪಲಿ ತುಂಬ ಹಿಟ್ಟು.
ದಾದರಿನ ಲ್ಯಾಬಿನಲ್ಲಿ ದಿನವಿಡೀ
ಪರರ ನೆತ್ತರಿನ ವರದಿ ಟೈಪಿಸುವವಳು,
ರಾತ್ರಿಯೆಲ್ಲ ಆ ನಾಲ್ಕು ಮಾತು ಓದಿದೆ.
ಮುಲುಂಡಿನಲ್ಲೊಂದಿದೆಯಂತೆ, ಕ್ಯಾಮೆರಾ ಇದೆಯಂತೆ,
ತಿಂಗಳಿಗೆ ಹದಿನಾಲ್ಕು ಸಾವಿರ.
ಗಂಡ ಮಗ್ಗುಲಾಗಿ, ನಿದ್ದೆಗಣ್ಣಲ್ಲೇ ಕೇಳಿದ:
"ಮತ್ತೆ ಆ ಭಾನುವಾರದ್ದು?"

ಆ ಭಾನುವಾರ
ನಾನು ಫೋನಿನಲ್ಲಿದ್ದೆ, ಮಗು ಮಂಚದ ಅಂಚಿನಲ್ಲಿತ್ತು.
ಹಣೆಯ ಮೇಲೆ ಎದ್ದದ್ದು ನೆಲ್ಲಿಕಾಯಿ ಗಾತ್ರ.
ಸೋಮವಾರ, ಮೇ ತಿಂಗಳ ಸೆಕೆಯಲ್ಲಿ,
ಉಣ್ಣೆಯ ಟೋಪಿ ಹಾಕಿ ಬಿಟ್ಟುಬಂದಿದ್ದೆ.
ಮಗುವಿಗೊಂದು, ಕಾಕುವಿಗೊಂದು.

ಶುಕ್ರವಾರ ವಹಿ ತೆರೆದು ಬರೆದೆ, ಮೂರು ಸಲ ಹೊಡೆದುಹಾಕಿ.
ಕಾಕು ಕನ್ನಡಕ ಹುಡುಕಿ, ಬೆರಳಿಟ್ಟು, ತುಟಿಯಲ್ಲೇ ಓದಿದಳು.
ಕೆಳಗೆ ಗಿರಣಿ ಶುರುವಾಯಿತು.
ನನ್ನ ಎಂಟು ಹದಿನಾಲ್ಕರ ಲೋಕಲ್ ಹೋಗಿಯಾಗಿತ್ತು.

"ಅವತ್ತೇ ನೋಡಿದೆ," ಅಂದಳು.
"ನೀನು ಮೆಟ್ಟಿಲಿಳಿಯುವಷ್ಟರಲ್ಲಿ ಟೋಪಿ ತೆಗೆದೆ.
ಆ ಸೆಕೆಯಲ್ಲಿ ಯಾರು ಇಡಿಸುತ್ತಾರೆ?
ಬಟ್ಟೆಯಲ್ಲಿ ಐಸು ಕಟ್ಟಿ ಹಿಡಿದೆ, ವಾಂತಿ ಆದೀತಾ ಅಂತ ಕಾದೆ.
ನೀನು ಬರುವ ಮುಂಚೆ ಮತ್ತೆ ಹಾಕಿದೆ."

"ಕೇಳಲಿಲ್ಲ ಯಾಕೆ?"

"ಕೇಳಿದರೆ ನೀನು ಸುಳ್ಳು ಹೇಳಬೇಕಾಗುತ್ತಿತ್ತು."
ಸ್ವಲ್ಪ ತಡೆದು,
"ಆದರೂ ಕೇಳಬೇಕಿತ್ತು. ತಲೆಗಾದ ಪೆಟ್ಟು."

ಈಗ ವಹಿ ಬೇಗ ತುಂಬುತ್ತದೆ.
"ನಿನ್ನೆ ಗದರಿದೆ. ಸುಸ್ತಾಗಿತ್ತು," ಎಂದು ನಾನು.
"ನಾನೂ. ಏಳೂ ಜನಕ್ಕೆ," ಎಂದು ಅವಳು.
ಟೋಪಿ ಅಲ್ಲೇ ಉಳಿಯಿತು; ಬಳಪದ ಚೂರು ಹಾಕಿಡುತ್ತಾಳೆ ಅದರಲ್ಲಿ.
ನಿನ್ನೆಯ ಸಾಲು:
"ಖಿಚಡಿ ಪೂರ್ತಿ. ನಕ್ಕಳು.
ಗಿರಣಿಯ ಬೆಲ್ಟು ಕಿರುಚಿದ್ದಕ್ಕೆ."