ಕೆಂಪು ಮುಳ್ಳು

ವಾಲ್ಪರೈಸೋ. ಎರಡು ಸಾವಿರದ ನಾಲ್ಕು. ಜುಲೈ ಚಳಿ.
ಬೇಕರಿ ಮೇಲಿನ ಕೋಣೆ, ಎರಡು ತಿಂಗಳ ಬಾಡಿಗೆ ಬಾಕಿ.
ಹೊಟ್ಟೆ ದಪ್ಪದ ಮಾನಿಟರಿನ ಬಿಸಿಗೆ ಕೈ ಕಾಯಿಸಿಕೊಳ್ಳುತ್ತ
ನಾನೊಂದು ಗುಡ್ಡ ಕಟ್ಟುತ್ತಿದ್ದೆ.

ಪದರದ ಮೇಲೆ ಪದರ:
ತಳದಲ್ಲಿ ಕಡಲು, ಅದರ ಮೇಲೆ ತಗಡು ಹೊದ್ದ ಮನೆಗಳು,
ಹಳಿ, ಹಗ್ಗ, ಮೇಲೊಂದು ಕೆಳಗೊಂದು ಡಬ್ಬಿ,
ಎಲ್ಲಕ್ಕೂ ಮೇಲೆ ಕಣ್ಣಿಗೆ ಕಾಣದ ಗುಂಡಿ.
ಒತ್ತಿದರೆ ಒಂದು ಏರಬೇಕು, ಒಂದು ಇಳಿಯಬೇಕು.
ಪುರಸಭೆ ಕೇಳಿದ್ದು ಇಷ್ಟೇ,
ಊರು ನೋಡದವರು ಒತ್ತಿ ನೋಡುವ ಊರು.
ತೂಕ ಮಾತ್ರ ಮುನ್ನೂರು ಕೆ.ಬಿ. ಮೀರಕೂಡದು.

ಮೊದಲ ಫ್ರೇಮಿನಲ್ಲಿ ಡಬ್ಬಿಯನ್ನು ಕೆಳಗಿಟ್ಟೆ,
ನೂರಿಪ್ಪತ್ತರಲ್ಲಿ ಮೇಲೆ.
ನಡುವಿನದನ್ನು ತಂತ್ರಾಂಶವೇ ತುಂಬಿಕೊಂಡಿತು
ಬಿಟ್ಟ ಸ್ಥಳ ತುಂಬುವ ಜಾಣ ಹುಡುಗನ ಹಾಗೆ,
ಒಂದೂ ತಪ್ಪಿಲ್ಲ, ಒಂದರಲ್ಲೂ ಜೀವವಿಲ್ಲ.

ಸರಿಯಿದೆಯೇ ನೋಡಲು ಡಾನ್ ಎವರಿಸ್ತೋನನ್ನು ಕಳಿಸಿದರು,
ಮೇಲಿನ ನಿಲ್ದಾಣದಲ್ಲಿ ನಲವತ್ತೊಂದು ವರ್ಷ ಯಂತ್ರ ನಡೆಸಿದವ.
ಟೋಪಿ ತೆಗೆದು ಕೀಬೋರ್ಡಿನ ಮೇಲಿಟ್ಟ.
ನನ್ನ ಕೋಡಿನೊಳಗೆ ಸಾಲುಗಟ್ಟಿ ಇಳಿದವು ಅಲ್ಪವಿರಾಮಗಳು.

ಡಬ್ಬಿ ಹೊರಟದ್ದು ನೋಡಿ ನಕ್ಕ.
“ಹೀಗೆ ಹೊರಟರೆ ಒಳಗಿನ ಮುದುಕಿಯರು ಬೀಳ್ತಾರೆ, ಮಗಳೇ.
ಹಗ್ಗ ಮೊದಲು ನೆಟಿಗೆ ಮುರಿಯುತ್ತೆ.
ಆಮೇಲೆ ಒಲ್ಲೆ ಅನ್ನುತ್ತೆ.
ಆಮೇಲೆ, ಆಯ್ತು ಬಿಡು, ಅಂತ ಎಳೆಯುತ್ತೆ.”

‘ಆಯ್ತು ಬಿಡು’ವಿಗೆ ನನ್ನ ಬಳಿ ಒಂದು ಅಂಕಿಯಿತ್ತು.
ಮೈನಸ್ ಅರವತ್ತು ಕೊಟ್ಟೆ. ಇದು ಸೋಮಾರಿ, ಎಂದ.
ಮೈನಸ್ ನಲವತ್ತು. ಇದು ಭಾನುವಾರದ ಬೆಳಿಗ್ಗೆ.
ಮೂವತ್ತೆಂಟಕ್ಕೆ ಸುಮ್ಮನಾದ.

ಆಮೇಲೆ ಅವನ ಬೆರಳು ಹೋಯಿತು ಟೈಮ್‌ಲೈನಿಗೆ,
ಫ್ರೇಮುಗಳ ಮೇಲೆ ಹರಿಯುವ ಕೆಂಪು ಗೆರೆಗೆ.
“ಇದು ಗೊತ್ತು ನನಗೆ.”

ಅವನ ಯಂತ್ರದ ಕೋಣೆಗೆ ಕಿಟಕಿ ಇದ್ದದ್ದು ಬೀದಿಯ ಕಡೆಗಂತೆ.
ಹಳಿ ಕಾಣದು, ಡಬ್ಬಿ ಕಾಣದು.
ಗೋಡೆಗೊಂದು ಹಲಗೆ, ಹಲಗೆಯ ಮೇಲೊಂದು ಕೆಂಪು ಮುಳ್ಳು.
ಮುಳ್ಳು ಹರಿದಲ್ಲೆಲ್ಲ ಜನ ಇದ್ದಾರೆಂದು ನಂಬಿ
ನಲವತ್ತೊಂದು ವರ್ಷ.
ನಡುದಾರಿಯಲ್ಲಿ ಎರಡೂ ಡಬ್ಬಿ ಒಂದನ್ನೊಂದು ಹಾಯುವಾಗ
ಮುಳ್ಳು ಒಂದು ಹಿತ್ತಾಳೆ ಮೊಳೆಯನ್ನು ದಾಟುತ್ತಿತ್ತು.
ಅಷ್ಟೇ.

ನೀವು ಯಾವತ್ತೂ ಹತ್ತಲಿಲ್ಲವೇ, ಎಂದೆ.
“ನಾನು ಹತ್ತಿ ಕೂತರೆ ನಡೆಸೋದು ಯಾರು?
ರಜೆಯ ದಿನ ಮೆಟ್ಟಿಲಿತ್ತು.
ಇನ್ನೊಬ್ಬನ ಬ್ರೇಕಿಗೆ ಜೀವ ಕೊಡೋನಲ್ಲ ನಾನು.”

ಅರವತ್ತನೇ ಫ್ರೇಮಿಗೆ ನಿಲ್ಲಿಸು, ಎಂದ. ನಿಲ್ಲಿಸಿದೆ.
ಎರಡು ಡಬ್ಬಿ, ಕಿಟಕಿಗೆ ಕಿಟಕಿ.
ಒಳಗೆ ಯಾರನ್ನೂ ನಾನು ಬಿಡಿಸಿರಲಿಲ್ಲ, ತೂಕ ಉಳಿಸಲು.
ಬಹಳ ಹೊತ್ತು ನೋಡಿದ.
ಕೆಳಗಿನ ಬೇಕರಿಯಲ್ಲಿ ಯಾರೋ ತಟ್ಟೆ ಬೀಳಿಸಿದರು.
“ಇಷ್ಟು ಹತ್ತಿರವಾ,” ಎಂದ.
“ಕೈ ಚಾಚಿದರೆ ಬೀಡಿ ಹಚ್ಚಿಕೊಳ್ಳಬಹುದಲ್ಲ.
ಯಾರೂ ಹೇಳಲೇ ಇಲ್ಲ.”

ಆ ರಾತ್ರಿ ಪ್ರತಿ ಕಿಟಕಿಗೊಬ್ಬರನ್ನು ಕೂರಿಸಿದೆ.
ಅರವತ್ತರಲ್ಲಿ ಮಾತ್ರ, ಒಂದೇ ಫ್ರೇಮು,
ಆಚೆ ಡಬ್ಬಿಯವನ ಸಿಗರೇಟಿಗೆ ಈಚೆಯವನ ಕಡ್ಡಿ.
ಸೆಕೆಂಡಿನ ಹನ್ನೆರಡನೇ ಒಂದು ಪಾಲು.
ಕಣ್ಣು ಮಿಟುಕಿಸಿದವರಿಗೆ ಇಲ್ಲ.

(ಈಗ ಅಲ್ಲೊಂದು ಬೂದು ಚೌಕ. ಒತ್ತಿದರೆ ಏನೂ ಏರುವುದಿಲ್ಲ.
ಅದನ್ನು ಓಡಿಸುವ ಬ್ರೌಸರು ಉಳಿದಿಲ್ಲ.)

ಮುನ್ನೂರನಾಲ್ಕು ಕೆ.ಬಿ. ಆಗಿದೆಯಲ್ಲ ಎಂದು ಪುರಸಭೆ ಬಿಲ್ಲು ತಡೆಹಿಡಿಯಿತು.
ಹೆಚ್ಚುವರಿ ತೂಕಕ್ಕೆ ಕಾರಣ ಬರೆಯಿರಿ.
ಪ್ರಯಾಣಿಕರು, ಎಂದು ಬರೆದೆ.